ಮುಂಗಡವಾಗಿ ಹೊದಿಸಿದ ಶಾಲು

ನನಗೆ ಮಾತು ಕಲಿಸಿದ ಶರಣಪ್ಪ ಕಾಕಾ ಅವರಿಗೆ,

ಶರಣಸಿರಸಗಿಯ ನೀರಿನ ಟಾಕಿ ನೆನಪಿದೆಯೇ? ಅದು ಮಂಜೂರಾಗುವ ಮೊದಲೇ ಸಾಹೇಬರಿಗೆ ಶಾಲು ಹೊದಿಸಿ, ‘ಟಾಕಿ ಕೊಟ್ಟ ಪುಣ್ಯಾತ್ಮರು’ ಅಂತ ಮೈಕಿನಲ್ಲಿ ಹೊಗಳಿಬಿಟ್ಟಿರಿ. ಕೆಳಗಿಳಿದು ನನ್ನ ಕಿವಿಯಲ್ಲಿ, ‘ಶಾಲು ಹೊದ್ದಾಂವ ಹಿಂದ ಸರಿಯಂಗಿಲ್ಲ ಲೇ ಮಲ್ಲ್ಯಾ’ ಅಂದಿರಿ. ಟಾಕಿ ಬಂತು. ಆ ಒಂದು ವಿದ್ಯೆಯ ಮೇಲೆಯೇ ಕಲಬುರಗಿಯ ಕಚೇರಿಗಳಲ್ಲಿ ಜನರ ಅರ್ಜಿ ಹಿಡಿದು ಇಷ್ಟು ವರ್ಷ ಬದುಕಿದೆ. ರಸ್ತೆ, ಪಿಂಚಣಿ, ಸ್ಮಶಾನದ ಗೋಡೆ, ಯಾವುದಕ್ಕೂ ಅದು ಕೈಕೊಟ್ಟಿರಲಿಲ್ಲ.

ಕಮಲಾಪುರದಿಂದ ಕೆಂಪು ಬಾಳೆಹಣ್ಣಿನ ಬುಟ್ಟಿ ಹೊತ್ತು ಬರುತ್ತಿದ್ದ ಶಾಂತಾಬಾಯಿಯನ್ನು ನೀವು ಬಲ್ಲಿರಿ. ಅವಳ ಮಗಳು ಸುನೀತಾ ಕೊಲ್ಲಿ ದೇಶಕ್ಕೆ ಮನೆಗೆಲಸಕ್ಕೆ ಹೋಗಿ ಸಿಕ್ಕಿಬಿದ್ದಿದ್ದಾಳೆ. ಪಾಸ್‌ಪೋರ್ಟ್ ಮಾಲೀಕನ ಕೈಯಲ್ಲಿ, ಹೊರಬಾಗಿಲಿಗೆ ಬೀಗ. ಬಚ್ಚಿಟ್ಟ ಫೋನಿನಲ್ಲಿ ಅವ್ವನ ಜೊತೆ ಆಗಾಗ ಪಿಸುಮಾತು, ಅಷ್ಟೇ. ‘ಮಲ್ಲಣ್ಣ, ನಿನ್ ಬಾಯಿ ಭಾಳ ನಡೀತದಂತ. ನನ್ ಮಗಳ ಸಲುವಾಗಿ ಒಂದೀಟು ನಡಸಪ್ಪ’ ಅಂದಳು ಶಾಂತಾಬಾಯಿ. ಅಷ್ಟು ಹೊಗಳಿದ ಮೇಲೆ ನಾನು ಸುಮ್ಮನಿರುವವನೇ?

ಇಲ್ಲಿನ ಜಿಲ್ಲಾ ಕಚೇರಿಯ ಸಾಹೇಬರ ಕೋಣೆಯಲ್ಲಿ ಕೈಮುಗಿದು ನಿಂತದ್ದೇ ನಿಂತದ್ದು. ‘ಪರದೇಶದ ಮಾತ್ರೀ ಇದು, ದಿಲ್ಲಿಯವರು ನೋಡ್ಬೇಕು’ ಅನ್ನುತ್ತಿದ್ದರು. ದಿಲ್ಲಿಗೆ ಬರೆಯಬೇಕಾದವರು ನೀವೇ ಅಲ್ಲವೇ ಅಂದರೆ ಮೇಲಿನ ಫ್ಯಾನು ನೋಡುತ್ತಿದ್ದರು. ಕೊನೆಗೆ ನಿಮ್ಮ ವಿದ್ಯೆ ಹೊರತೆಗೆದೆ. ಶಾಂತಾಬಾಯಿಯ ಕೈಯಿಂದಲೇ ಶಾಲು ಹೊದಿಸಿದೆ. ‘ಕಮಲಾಪುರದ ಮಗಳನ್ನು ಬಿಡಿಸಿದ ಸಾಹೇಬರಿಗೆ ಸನ್ಮಾನ’ ಎಂದು ಬರೆದು ವಾಟ್ಸಾಪ್ ಗ್ರೂಪುಗಳಿಗೆಲ್ಲ ಫೋಟೋ ಹಾಕಿದೆ. ಪಕ್ಕದಲ್ಲಿ ಸುನೀತಾಳ ಫೋಟೋ ಕೂಡ…

ಅವಳನ್ನು ಅಲ್ಲಿಗೆ ಕಳಿಸಿದ ಏಜೆಂಟನೂ ಅದನ್ನು ನೋಡಿ ಮಾಲೀಕನಿಗೆ ಮುಟ್ಟಿಸಿದ, ಕಾಕಾ. ‘ಹುಡುಗಿ ಕದ್ದು ಫೋನ್ ಮಾಡ್ತಾಳಂತ ಮಾಲಕ್‌ಗೆ ಗೊತ್ತಾಗ್ಯದ. ಈಗ ನಿಮ್ ಬಾಯಿಂದ್ಲೇ ಬಿಡಿಸ್ಕೋರಿ’ ಎಂದು ನನಗೇ ಫೋನು ಮಾಡಿ ನಕ್ಕ. ಅಂದಿನಿಂದ ಸುನೀತಾಳ ಫೋನು ಬಂದ್. ನೀರಿನ ಟಾಕಿಯನ್ನು ಕೂಡಿಹಾಕಿ ಹೊಡೆಯುವ ಮಾಲೀಕ ಯಾರೂ ಇರಲಿಲ್ಲ. ಇಷ್ಟು ಸಣ್ಣ ಲೆಕ್ಕ ನನಗೇಕೆ ಹೊಳೆಯಲಿಲ್ಲ? ನಿಮಗಾದರೂ ಹೊಳೆಯುತ್ತಿತ್ತೇ?

ಇವತ್ತು ಬೆಳಿಗ್ಗೆ ಸಾಹೇಬರೇ ಕರೆಸಿದರು. ‘ಏನ್ರೀ, ನಾ ಬಿಡಿಸೀನಂತ ಊರೆಲ್ಲಾ ಡಂಗುರ ಸಾರೀರಿ. ಮನ್ಯಾಗ ನನ್ ಹೆಂಡ್ತಿ ದಿನಾ ಕೇಳಾಕತ್ತಾಳ, ಆ ಹುಡುಗಿ ಬಂದ್ಳೇನಂತ.’ ದಿಲ್ಲಿಗೆ ಬರೆದು, ಅದರ ಬೆನ್ನಿಗೇ ಮೇಲಿಂದ ಮೇಲೆ ಫೋನು ಹಚ್ಚಿ ಕೂತಿದ್ದರಂತೆ. ನಮ್ಮ ರಾಯಭಾರ ಕಚೇರಿಯವರು ಈ ಮಧ್ಯಾಹ್ನ ಆ ಮನೆಯ ಬಾಗಿಲು ತಟ್ಟುತ್ತಾರಂತೆ. ನಿಮ್ಮ ವಿದ್ಯೆ ಫಲಿಸಿತು, ಕಾಕಾ. ಆದರೆ ಬಾಗಿಲು ತೆರೆದಾಗ ಒಳಗೆ ಅವಳು…

ಶಾಂತಾಬಾಯಿ ಶಹಾಬಜಾರದ ನಮ್ಮ ಪಡಸಾಲೆಯಲ್ಲೇ ಕೂತಿದ್ದಾಳೆ, ಮಡಿಲಲ್ಲಿ ಫೋನು. ‘ಏನರೆ ಮಾತಾಡಪ್ಪ, ನೀ ಸುಮ್ಮ ಕುಂತ್ರ ನನಗ ಅಂಜಿಕಿ ಬರ್ತದ’ ಅನ್ನುತ್ತಾಳೆ. ಅದಕ್ಕೇ ಅವಳಿಗೆ ಬೆನ್ನು ಮಾಡಿ ನಿಮಗೆ ಬರೆಯುತ್ತಿದ್ದೇನೆ. ಸುನೀತಾ ಬಂದರೆ ಕರೆತರಲು ನಾನೂ ಹೋಗುತ್ತೇನೆ, ಶಾಲು ಹಾರ ಏನೂ ಒಯ್ಯುವುದಿಲ್ಲ. ಅವಳು ಮೊದಲು ಮಾತಾಡುವ ತನಕ ನಾನು ಬಾಯಿ ತೆರೆಯುವುದಿಲ್ಲ, ಕಾಕಾ.

ನಿಮ್ಮ ಮಲ್ಲ್ಯಾ