ಸರಿಯಾಗದ ಮಿರ್ಚಿ

ಮಸ್ಕಿ. ಬಹಮನ್ 3, ಫಸಲಿ 1353. ಮಂಗಳವಾರ

ಗಂಜಿ. ಹೆಸರುಬೇಳೆ ಕಟ್ಟು. ಮತ್ತೆ ಗಂಜಿ. ಉಪ್ಪು ಮುಟ್ಟಿಸಬಾರದು, ಖಾರದ ಹೆಸರೆತ್ತಬಾರದು. ಹಕೀಮರ ಅಪ್ಪಣೆ. ದಸರೆಯಿಂದ ಇದೇ ಪಥ್ಯ. ಕೆಮ್ಮು ಮಾತ್ರ ಪಥ್ಯ ಮಾಡುತ್ತಿಲ್ಲ, ಹೊಟ್ಟೆತುಂಬಾ ಉಂಡು ಬೆಳೆಯುತ್ತಿದೆ.

ಇವರು ಬಟ್ಟಲು ನೋಡಿ ಗೋಡೆ ಕಡೆ ತಿರುಗಿದರು. ಕುಡಿಯದಿದ್ದರೆ ತಲೆ ಮೇಲೆ ಸುರಿಯುತ್ತೇನೆ ಎಂದೆ. ನಕ್ಕರು. ಹಿಂದೆಯೇ ಕೆಮ್ಮು. ನಗಿಸಿದ್ದಕ್ಕೆ ಅತ್ತೆಯಿಂದ ಬೈಗುಳ. "ಲಿಂಗಸುಗೂರಾಕಿಗೆ ಬಾಯಿ ಭಾಳ." ಈ ಮನೆಗೆ ಬಂದಾಗಿನಿಂದ ನನಗೆ ಅದೇ ಹೆಸರು. ಬಸವಣ್ಣೆಮ್ಮ ಅಂತ ಒಮ್ಮೆಯೂ ಕರೆದಿಲ್ಲ.

ಇವರ ಜೀವ ಸಿಂಧನೂರು ಸಂತೆಯ ಮಿರ್ಚಿಯಲ್ಲಿದೆ. ಬಟ್ಟೆ ಗಂಟು ಹೊತ್ತು ಹೋದಾಗೆಲ್ಲ ಹುಸೇನಪ್ಪನ ಅಂಗಡಿ ಮುಂದೆ ನಿಂತು ತಿಂದು ಬರುತ್ತಿದ್ದರು. ಲಿಂಗ ಕಟ್ಟಿದವರು ಹೊರಗೆ ಕರಿದದ್ದು ತಿನ್ನಬಾರದು. ಅತ್ತೆಗೆ ಗೊತ್ತು, ಗೊತ್ತಿಲ್ಲದಂತೆ ಇರುತ್ತಿದ್ದರು. ನಾನು ತಿಂದವಳಲ್ಲ. ಹೆಂಗಸರು ಸಂತೆಯಲ್ಲಿ ನಿಂತು ತಿನ್ನುವುದುಂಟೇ... ಇವರ ಟವೆಲಿನ ವಾಸನೆಯಷ್ಟೇ ನನ್ನ ಪಾಲಿಗೆ.

ಬಹಮನ್ 4, ಬುಧವಾರ

ಬರೆಯಲು ಕೈ ಬರುತ್ತಿಲ್ಲ. ಬರೆಯದೆ ಇರಲೂ ಆಗುತ್ತಿಲ್ಲ.

ಹಕೀಮರು ಬಂದರು. ನಾಡಿ ಹಿಡಿದು ಬಹಳ ಹೊತ್ತು ಕೂತರು. ಹೊರಗೆ ಪಡಸಾಲೆಗೆ ಬಂದು ಅತ್ತೆಗೆ ಹೇಳಿದರು — "ಇನ್ನ ಪಥ್ಯ ಬ್ಯಾಡವ್ವ. ಬಾಯಿ ಕೇಳಿದ್ದು ಕೊಡ್ರಿ."

ಪಥ್ಯ ಬೇಡ ಅಂದರಲ್ಲ, ಗುಣವಾಯಿತು ಅಂದುಕೊಂಡೆ. ಅಷ್ಟೇ ಕೇಳಿ ಒಳಗೆ ಓಡಿದೆ. ನಗುತ್ತಾ ಹೇಳಿದೆ — ಪಥ್ಯ ಬಿಡಿಸಿದರು ರೀ, ಏನು ಬೇಕು ಹೇಳಿ. ಇವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಮೆಲ್ಲಗೆ, ಮಿರ್ಚಿ ಮಾಡು ಅಂದರು.

ಹೊರಗೆ ಬಂದರೆ ಅತ್ತೆ ಕಂಬಕ್ಕೊರಗಿ ಕೂತಿದ್ದಾರೆ. ಬಾಯಿಗೆ ಸೆರಗು. ಆಗ ತಿಳಿಯಿತು. ಬಾಯಿ ಕೇಳಿದ್ದು ಕೊಡಿ ಅಂದರೆ ಔಷಧಿ ಮುಗಿಯಿತು ಅಂತ. ಆಸೆ ಉಳಿಸಿಕೊಂಡು ಹೋಗಬಾರದು ಅಂತ. ಸಣ್ಣವಳಿದ್ದಾಗಿನಿಂದ ಕೇಳಿದ ಮಾತು, ನನ್ನ ಮನೆ ಬಾಗಿಲಿಗೆ ಬಂದಾಗ ಗುರುತು ಹತ್ತಲಿಲ್ಲ.

ಹೋಗಿ ಹೋಗಿ ನಾನೇ ಹೇಳಿದೆ. ಅದೂ ನಗುತ್ತಾ.

ಬಹಮನ್ 7, ಶನಿವಾರ

ಮಾಡಿಲ್ಲ. ಮಾಡುವುದಿಲ್ಲ. ಕಡಲೆಹಿಟ್ಟಿಲ್ಲ ಅಂದೆ. ಲಡಾಯಿ ಕಾಲ, ಅಂಗಡಿಯಲ್ಲಿ ಏನೂ ಸಿಗದು ಅಂದೆ. ಅತ್ತೆ ಎಲ್ಲಿಂದಲೋ ಕಡಲೆಬೇಳೆ ತಂದು ಬೀಸುವ ಕಲ್ಲಿನ ಮುಂದೆ ಇಟ್ಟರು. ರಟ್ಟೆ ನೋವು ಅಂದೆ. ತಾವೇ ಬೀಸಿದರು. ಕಲ್ಲಿನ ಸದ್ದು ಕೇಳಲಾಗದೆ ಹಿತ್ತಲಿಗೆ ಹೋದೆ.

ನಾನು ಕರಿದು ಕೊಟ್ಟರೆ ಹೋಗಿಬನ್ನಿ ಅಂದಂತೆ. ಇದು ಯಾರಿಗೂ ತಿಳಿಯದು.

ಬಳೆ ಮಾರುವ ಪೀರ್‌ಬೀ ಬಂದಳು. ಪ್ರತಿ ಸಂತೆಗೆ ಹುಸೇನಪ್ಪನ ಅಂಗಡಿ ಪಕ್ಕವೇ ಅವಳು ಚಾಪೆ ಹಾಸುವುದು. ಕೇಳಬಾರದು ಅಂದುಕೊಂಡೇ ಕೇಳಿದೆ. ಹೇಳಿದಳು: ಮೆಣಸಿನಕಾಯಿ ಉದ್ದಕ್ಕೆ ಸೀಳಬೇಕು, ತೊಟ್ಟು ಕೀಳಬಾರದು. ಒಳಗೆ ಹುಣಸೆ, ಉಪ್ಪು, ಜೀರಿಗೆ ಅರೆದು ಸವರಬೇಕು. ಹಿಟ್ಟಿಗೆ ಅಜವಾನ ತಿಕ್ಕಿ ಹಾಕಬೇಕು. ಕೈಯಿಂದ ಜಾರುವಷ್ಟು ತೆಳುವಾಗಬಾರದು.

ಹಸಿರು ಬಳೆ ತೆಗೆದಳು, ನನ್ನ ಕೈಗೆ ಅಂತ. ಅತ್ತೆ ಬಾಗಿಲಲ್ಲೇ ನಿಂತು, "ಬಳಿ ಈಗ ಬ್ಯಾಡ ಪೀರ್‌ಬೀ" ಅಂದರು.

ಪೀರ್‌ಬೀ ಬುಟ್ಟಿ ಮುಚ್ಚಿದಳು. ನನ್ನ ಕಡೆ ನೋಡಲಿಲ್ಲ.

ಬಹಮನ್ 8, ರವಿವಾರ

ಮಾಡಿದೆ. ಅತ್ತೆ ಕೈಮುಗಿದರು, ಅದಕ್ಕೆ. ಸೊಸೆಗೆ ಕೈಮುಗಿಯುವ ಹೆಂಗಸಲ್ಲ ಅವರು.

ಮೊದಲ ಸಲ ಎಣ್ಣೆಗೆ ಬಿಟ್ಟ ಘಾಣದಲ್ಲಿ ಹಿಟ್ಟು ಬಿಟ್ಟುಕೊಂಡು ಎಣ್ಣೆ ತುಂಬ ಪುಡಿ. ಎರಡನೆಯದು ಉಬ್ಬಿತು. ತಟ್ಟೆ ಒಯ್ದಿಟ್ಟೆ. ಇವರು ಒಂದನ್ನು ತೆಗೆದು ಮೂಸಿದರು, ತುದಿ ಕಚ್ಚಿದರು, ಇಟ್ಟರು.

"ಅಜವಾನ ಕಮ್ಮಿ. ಸಂತ್ಯಾಗಿನಂಗ ಆಗಿಲ್ಲ. ನಾಳಿಗಿ ಮತ್ತ ಮಾಡು."

ಇಷ್ಟು ಕಷ್ಟಪಟ್ಟು ಮಾಡಿದ್ದಕ್ಕೆ ಕೊಂಕು. ಸಿಟ್ಟು ಬಂತು. ಆದರೆ ನಾಳೆ ಅಂದರಲ್ಲ, ಅದೊಂದು ಮಾತಿಗೆ ಅಡಿಗೆಮನೆಯಲ್ಲಿ ಕೂತು ಅತ್ತುಬಿಟ್ಟೆ.

ಬಹಮನ್ 10, ಮಂಗಳವಾರ

ನಿನ್ನೆ ಅಜವಾನ ಸರಿಯಾಗಿತ್ತು, ಎಣ್ಣೆ ಸರಿಯಿಲ್ಲ. ಹುಸೇನಪ್ಪನದು ಶೇಂಗಾ ಎಣ್ಣೆಯಂತೆ, ನಮ್ಮದು ಕುಸುಬಿ. ಇವತ್ತು ಶೇಂಗಾ ಎಣ್ಣೆಯಲ್ಲೇ ಕರಿದೆ. ಕಾಯಿ ಸಣ್ಣವು ಅಂದರು. ತುದಿ ಕಚ್ಚುತ್ತಾರೆ, ಇಡುತ್ತಾರೆ. ಅತ್ತೆಗೆ ನನ್ನ ಮೇಲೆ ಕೆಂಡದಂಥ ಸಿಟ್ಟು — ಹೋಗುವವನ ಬಾಯಿ ತಣಿಸುವುದಕ್ಕೂ ಬಾರದವಳು ಅಂತ. ಉಳಿದದ್ದೆಲ್ಲ ಓಣಿಯ ಪಾಲು. ತಿಂದ ಓಣಿಯವರು ಒಂದು ಕೊರತೆಯನ್ನೂ ಹೇಳುತ್ತಿಲ್ಲ.

ಬಹಮನ್ 12, ಗುರುವಾರ. ಮಧ್ಯಾಹ್ನ

ಇವತ್ತು ಜಗಳ ತೆಗೆದೆ. ನೀವೇ ಎದ್ದು ಬಂದು ಕರಿಯಿರಿ, ನನಗೆ ಆಗದು ಎಂದೆ. ಅತ್ತೆ ಮಠಕ್ಕೆ ಹೋಗಿದ್ದರು. ಇವರು ಕೂರು ಎಂದು ಸನ್ನೆ ಮಾಡಿದರು. ಕೂತೆ. ಉಸಿರು ಸಿಕ್ಕಷ್ಟು ಸಿಕ್ಕಷ್ಟು ಹೇಳಿದರು.

"ಪಥ್ಯ ಯಾಕ ಬಿಡಿಸ್ಯಾರ ಅಂತ ನನಗ ಗೊತ್ತಿಲ್ಲೇನು? ನಮ್ಮಪ್ಪ ಹಾಸಿಗಿ ಹಿಡಿದಾಗ ಮಾವಿನಹಣ್ಣು ಕೇಳಿದ್ದ. ತಂದು ಕೊಟ್ಟಾವ ನಾನ. ಚಲೋ ಐತಿ ಅಂತ ತಿಂದ. ಮರುದಿನ ಹೋದ."

ಬೆನ್ನಿಗೆ ದಿಂಬು ಸರಿಸಿದೆ.

"ಅದಕ್ಕ ನಾ ತಿನ್ನಂಗಿಲ್ಲ. ನೀ ಮಾಡ್ಕೋತ ಹೋಗು. ನಾ ಹೆಸರು ಇಡ್ಕೋತ ಹೋಗ್ತೀನಿ."

ಇಷ್ಟು ದಿನ ನನ್ನ ಅಡಿಗೆಗೆ ತೆಗೆದ ಕೊಂಕು, ಇಟ್ಟ ಹೆಸರೆಲ್ಲ ಇದಕ್ಕೆ. ನಗಬೇಕೋ ಅಳಬೇಕೋ... ಕೈ ಹಿಡಿದುಕೊಂಡೆ. ಕೈಯಲ್ಲಿ ಎಲುಬಷ್ಟೇ ಉಳಿದಿದೆ. ಈ ಮನುಷ್ಯನನ್ನು ನಾನು ಬಿಟ್ಟುಕೊಡುವುದಿಲ್ಲ.

ಬಹಮನ್ 13, ಶುಕ್ರವಾರ

ಬೇಕೆಂದೇ ಹಿಟ್ಟು ನೀರಾಗಿಸಿದೆ. "ಹಿಟ್ಟು ತೆಳು" ಅಂದರು. ಅತ್ತೆ ಹಣೆ ಹಣೆ ಬಡಿದುಕೊಂಡರು. ನಾವಿಬ್ಬರೂ ಬೇರೆ ಬೇರೆ ಕಡೆ ನೋಡಿದೆವು.

ಬಹಮನ್ 17, ಮಂಗಳವಾರ

ಅತ್ತೆ ನನ್ನನ್ನು ಮೀರಿಸಿದರು. ನಮ್ಮ ಬಟ್ಟೆ ಅಂಗಡಿಯ ಆಳು ಆದಪ್ಪನನ್ನು ನಿನ್ನೆ ಸಿಂಧನೂರಿಗೆ ಕಳಿಸಿದ್ದರಂತೆ, ಬಂಡಿಯಲ್ಲಿ. ಇವತ್ತು ಬಂದ. ಮುತ್ತಲ ಎಲೆಯಲ್ಲಿ ಕಟ್ಟಿದ ಮಿರ್ಚಿ. ಹುಸೇನಪ್ಪನೇ ಕರಿದದ್ದು. ಹೊರಗಿನವರ ನೀರು ಮುಟ್ಟದ ಅತ್ತೆ ಆ ಪೊಟ್ಟಣವನ್ನು ತಾವೇ ಎರಡೂ ಕೈಯಲ್ಲಿ ಹಿಡಿದು ಒಳಗೆ ತಂದರು. ಮಗನ ಮುಂದೆ ಬಿಚ್ಚಿದರು.

ಬಾಗಿಲ ಬಳಿಯೇ ನಿಂತು ನೋಡಿದೆ. ಇದಕ್ಕೆ ಏನು ಹೆಸರಿಡುತ್ತಾರೆ?

ಇವರು ಒಂದನ್ನು ಎತ್ತಿ ಹಿಡಿದು ಬಹಳ ಹೊತ್ತು ನೋಡಿದರು. ತಿನ್ನುವ ಆಸೆ ಕಣ್ಣಲ್ಲೇ ಇತ್ತು. ಸುಳ್ಳು ಹೇಳಬಾರದು, ಆ ಹೊತ್ತು ತಿಂದುಬಿಡಲಿ ಅಂತಲೂ ಅನಿಸಿತು ನನಗೆ.

"ತಣ್ಣಗ ಆಗೈತಿ. ತಣ್ಣಗಾದ ಮಿರ್ಚಿ ಮಿರ್ಚಿ ಅಲ್ಲವ್ವ" ಅಂದು ಇಟ್ಟರು.

ಅಡಿಗೆಮನೆಗೆ ಹೋಗಿ ಸೆರಗು ಬಾಯಿಗಿಟ್ಟು ನಕ್ಕೆ. ಆ ಪೊಟ್ಟಣದಿಂದ ಒಂದು ತಿಂದೂ ನೋಡಿದೆ. ನಾನು ಮೊದಲ ದಿನ ಮಾಡಿದ್ದೇ ಇದಕ್ಕಿಂತ ಚೆನ್ನಾಗಿತ್ತು.

ಬಹಮನ್ 24, ಮಂಗಳವಾರ

ಬರೆಯಲಾಗಿರಲಿಲ್ಲ. ಕೆಮ್ಮಿದರೆ ರಕ್ತ. ಬಗಲಿಗೆ ದಿಂಬು ಕೊಟ್ಟು ಕೂರಿಸಿದರೆ ಮಾತ್ರ ಉಸಿರು. ಆದರೂ ದಿನಾ ಕರಿಯುತ್ತೇನೆ. ಒಂದು ದಿನ ಜೀರಿಗೆ ಬಿಡುತ್ತೇನೆ, ಒಂದು ದಿನ ಹೊತ್ತಿಸುತ್ತೇನೆ. ಈಗ ಕಚ್ಚಲೂ ಆಗುವುದಿಲ್ಲ. ತುಟಿಗೆ ತಾಗಿಸಿ ತಲೆ ಅಲ್ಲಾಡಿಸುತ್ತಾರೆ. ಆಗಿಲ್ಲ ಅಂತ. ಆ ತಲೆ ಅಲ್ಲಾಡಿಸುವುದನ್ನು ನೋಡಿದ ಮೇಲೇ ನಾನು ಉಣ್ಣುವುದು.

ಎಣ್ಣೆ ಸಿಡಿದು ಮುಂಗೈ ಸುಟ್ಟಿದೆ. ಬಟ್ಟೆ ಸುತ್ತಿದ್ದೆ. ಇವರು ಅದನ್ನೇ ನೋಡುತ್ತಿದ್ದರು. ಸೆರಗಿನಲ್ಲಿ ಮುಚ್ಚಿಕೊಂಡೆ.

ಅತ್ತೆ ಬೈಯುವುದು ಬಿಟ್ಟಿದ್ದಾರೆ. ಇವತ್ತು ಒಲೆಗೆ ಕಟ್ಟಿಗೆ ಮುಂದಕ್ಕೆ ಸರಿಸುತ್ತಾ, "ಉಪ್ಪು ಹಾಕಬ್ಯಾಡ" ಅಂದರು. ಅಷ್ಟೇ. ಎದ್ದು ಹೋದರು.

ಅವರಿಗೂ ಗೊತ್ತಾಗಿದೆ.

ಬಹಮನ್ 27, ಶುಕ್ರವಾರ

ಬೆಳಗಿನಿಂದ ಕೈಕಾಲು ತಣ್ಣಗಿದ್ದವು. ಅತ್ತೆ ಹೇಳಿದ ಹಾಗೇ ಮಾಡಿದೆ. ಉಪ್ಪಿಲ್ಲ. ಹುಣಸೆಯೂ ಇಲ್ಲ. ಬರೀ ಹಿಟ್ಟು, ಕಾಯಿ. ಇದಕ್ಕಿಂತ ಕೆಟ್ಟದಾಗಿ ಮಾಡಲು ನನಗೆ ಬಾರದು.

ತಟ್ಟೆ ಇಟ್ಟೆ. ತಲೆ ಅಲ್ಲಾಡಿಸಲಿ ಅಂತ ಕಾದೆ. ಕೈ ಚಾಚಿದರು. ಕಚ್ಚಿದರು. ಅಗಿದರು. ಬೇಡ ರೀ, ಅಂದೆ. ನುಂಗಿದರು. ಮತ್ತೆ ಕಚ್ಚಿದರು. ತೊಟ್ಟಷ್ಟೇ ಉಳಿಯಿತು, ಅದನ್ನು ನನ್ನ ಬಟ್ಟೆ ಸುತ್ತಿದ ಕೈಯಲ್ಲಿಟ್ಟರು.

"ಇವತ್ತ ಸರಿ ಆಗೈತಿ ನೋಡು. ಸಾಕು... ನೀ ದಣಿದಿ."

ಉಪ್ಪೇ ಹಾಕಿಲ್ಲ ರೀ, ಅದು ಹೇಗೆ ಸರಿಯಾಗುತ್ತದೆ, ಇಲ್ಲ, ಸರಿಯಾಗಿಲ್ಲ ಅಂದೆ. ಕಣ್ಣು ಮುಚ್ಚಿಕೊಂಡಿದ್ದರು.

ಒಲೆ ಮತ್ತೆ ಹೊತ್ತಿಸಿದ್ದೇನೆ. ಎಣ್ಣೆ ಕಾಯುವವರೆಗೆ ಇದನ್ನು ಬರೆಯುತ್ತಿದ್ದೇನೆ. ಹಿಟ್ಟು ಇನ್ನೂ ಒಂದು ಹಿಡಿ ಇದೆ. ಈ ಸಲ ಎಲ್ಲ ಹಾಕಿ ಚೆನ್ನಾಗಿ ಮಾಡುತ್ತೇನೆ. ಅದು ತಪ್ಪು, ಇದು ಸರಿ, ಹೋಲಿಸಿ ನೋಡಿ ಅನ್ನುತ್ತೇನೆ. ಹೆಸರಿಡಲಿ. ಏನಾದರೂ ಒಂದು ಹೆಸರಿಡಲಿ.

ಒಳಗಿಂದ ಅತ್ತೆ ಕೂಗುತ್ತಿದ್ದಾರೆ. ಲಿಂಗಸುಗೂರಾಕಿ ಅನ್ನುತ್ತಿಲ್ಲ. ಬಸವಣ್ಣೆಮ್ಮ, ಬಸವಣ್ಣೆಮ್ಮ ಅಂತ —

ಎಣ್ಣೆ ಇನ್ನೂ ಕಾದಿಲ್ಲ