ಐದು ಗುಂಡೋ ಎಂಟು ಗುಂಡೋ

ಸೆಪ್ಟೆಂಬರ್ 15, ಸೋಮವಾರ. ಸಂಜೆ 6

ಈಗಷ್ಟೇ ಡಿಪೋದಿಂದ ಬಂದೆ. ಬೂಟು ಬಿಚ್ಚಿ ಕುಳಿತಿದ್ದೇನೆ, ಡಿಕಾಕ್ಷನ್ ಇಳಿಯುತ್ತಿದೆ.

ಎಂಟು ವರ್ಷ ಆಯಿತು. ಪರ್ತ್‌ನ ಅದೇ ವೆಲ್ಷ್‌ಪೂಲ್, ಅದೇ ಉಕ್ಕಿನ ಲಾರಿ, ಅದೇ ಹೆಲ್ಮೆಟ್ಟು. ಬ್ಯಾಂಕಿನ ಪೆಟ್ಟಿಗೆ ಇಳಿಸು, ಎಟಿಎಂ ತುಂಬು, ಮತ್ತೆ ಹತ್ತು. ಸೊಂಟದಲ್ಲಿ ಊರಿಗೆಲ್ಲ ಕಾಣುವ ಹಾಗೆ ಗನ್ನು. ಇವತ್ತು ಮ್ಯಾನೇಜರ್ ಕರೆದು ಹೇಳಿದ — ಪ್ಲೇನ್ ಕ್ರೂನಲ್ಲಿ, ಅಂದರೆ ಮಫ್ತಿ ತಂಡದಲ್ಲಿ, ಎರಡು ಜಾಗ ಖಾಲಿ, ರುಕ್ಮಿಣಿ, ನಿನ್ನ ಮತ್ತು ಗುರುದತ್ ಹೆಸರು ಹಾಕಿದ್ದೇವೆ. ಯೂನಿಫಾರ್ಮ್ ಇಲ್ಲ, ಮಾಮೂಲಿ ಕಾರು, ಮಾಮೂಲಿ ಬಟ್ಟೆ, ಗನ್ನು ಬಟ್ಟೆಯ ಒಳಗೆ. ಪರ್ತ್ ಡಿಪೋದಲ್ಲಿ ಈ ಕೆಲಸಕ್ಕೆ ಇದುವರೆಗೆ ಹೆಂಗಸರ ಹೆಸರು ಬಂದದ್ದೇ ಇಲ್ಲ. ನಾನೇ ಮೊದಲು. ಮುಖ ಗಂಭೀರವಾಗಿಟ್ಟುಕೊಂಡು ಹೊರಗೆ ಬಂದೆ, ಟಾಯ್ಲೆಟ್ಟಿಗೆ ಹೋಗಿ ಒಬ್ಬಳೇ ನಕ್ಕೆ.

ಗುರುದತ್‌ಗೂ ಇದು ಬೇಕು. ಮಗು ಹುಟ್ಟಿ ಒಂದು ತಿಂಗಳಾಯಿತು, ಪ್ಲೇನ್ ಕ್ರೂ ಅಂದರೆ ಮಧ್ಯಾಹ್ನ ಎರಡು ಗಂಟೆಗೆ ಮನೆ. ಹಾಸನದ ಹುಡುಗ, ನನಗಿಂತ ಹದಿನೈದು ವರ್ಷ ಚಿಕ್ಕವನು, 'ಅಕ್ಕ' ಅನ್ನುತ್ತಾನೆ.

ಅಕ್ಟೋಬರ್ 3ಕ್ಕೆ ಪರೀಕ್ಷೆ. ಪರೀಕ್ಷೆ ಮಾಡಲು ಅಡಿಲೇಡ್‌ನಿಂದ ಹೆಲೆನ್ ಅನ್ನುವವಳು ಬರುತ್ತಾಳೆ. ಅಷ್ಟರಲ್ಲಿ ಗನ್ನು ಆರಿಸಿಕೊಳ್ಳಬೇಕು. ಐದು ಗುಂಡಿನ ಪುಟ್ಟ ರಿವಾಲ್ವರ್, ಇಲ್ಲವೇ ಎಂಟು ಗುಂಡಿನ ಚಪ್ಪಟೆ ಪಿಸ್ತೂಲು.

ಸೆಪ್ಟೆಂಬರ್ 16

ಹೆಂಗಸರಿಗೆ ರಿವಾಲ್ವರ್ — ಇವತ್ತು ಈ ಮಾತು ನಾಲ್ಕು ಸಲ ಕೇಳಿಸಿಕೊಂಡೆ. ಆರ್ಮರಿ, ಅಂದರೆ ಗನ್ನುಗಳ ಕೋಣೆ, ನೋಡಿಕೊಳ್ಳುವ ಡೆನಿಸ್ ಶುರು ಮಾಡಿದ. "ಸುಲಭ ಅಲ್ವಾ. ಒತ್ತಿದ್ರೆ ಹೊಡೆಯುತ್ತೆ, ಪಿಸ್ತೂಲಿನ ತರಹ ಮೇಲಿನ ಸ್ಲೈಡ್ ಹಿಂದಕ್ಕೆ ಎಳೆಯೋ ಕಷ್ಟ ಇಲ್ಲ." ಡೆನಿಸ್‌ಗೆ ಅರವತ್ತೊಂದು, ನೇವಿಯಲ್ಲಿ ಇದ್ದವನು, ಮನಸ್ಸು ಒಳ್ಳೆಯದು. ಆದರೂ ಮೈ ಉರಿಯಿತು.

ಮನೆಗೆ ಬಂದರೆ ರಮಾಕಾಂತ್ ಕೂಡ, "ರಿವಾಲ್ವರ್ ತಗೋ, ಸೇಫು" ಅಂದರು. ಗಂಡನಾಗಿ ಇಪ್ಪತ್ತು ವರ್ಷ. ಸೊಳ್ಳೆ ಬ್ಯಾಟು ಬಿಟ್ಟರೆ ಬೇರೆ ಆಯುಧ ಹಿಡಿದವರಲ್ಲ. ನಮ್ಮಪ್ಪ ಮೈಸೂರಿನ ಸಶಸ್ತ್ರ ಮೀಸಲು ಪಡೆಯ ಆರ್ಮರಿಯಲ್ಲಿ ಹವಾಲ್ದಾರ್, ನಾನು ಆರನೇ ಕ್ಲಾಸಿಗೇ ರೈಫಲ್ ಒರೆಸಿದವಳು. ನನಗೆ ಇವರ ಪಾಠ.

ಪಿಸ್ತೂಲೇ ತೆಗೆದುಕೊಳ್ಳುತ್ತೇನೆ.

ಸೆಪ್ಟೆಂಬರ್ 19, ಶುಕ್ರವಾರ

ಡಿಪೋದಲ್ಲಿ ನೀಲಿ ಪ್ಲಾಸ್ಟಿಕ್ಕಿನ ಡಮ್ಮಿ ಗನ್ನು ಇಟ್ಟುಕೊಂಡು ಪ್ರಾಕ್ಟೀಸು. ಬಗ್ಗಿದೆ, ಕಾರಿನಲ್ಲಿ ಕುಳಿತೆ, ಪೆಟ್ಟಿಗೆ ಎತ್ತಿದೆ. ರಿವಾಲ್ವರ್‌ನ ಹೊಟ್ಟೆ ಉಬ್ಬು — ಶರ್ಟಿನ ಕೆಳಗೆ ನಿಂಬೆಹಣ್ಣು ಕಟ್ಟಿಕೊಂಡ ಹಾಗೆ ಕಾಣುತ್ತದೆ. ಪಿಸ್ತೂಲು ಮೈಗೆ ಅಂಟಿ ಕೂರುತ್ತದೆ. ಆದರೆ ತೆಗೆಯುವಾಗ ರಿವಾಲ್ವರ್ ಕೈಗೆ ತಾನಾಗಿ ಬರುತ್ತದೆ. ಪಿಸ್ತೂಲು ಎರಡು ಸಲ ಬಟ್ಟೆಗೆ ಸಿಕ್ಕಿಕೊಂಡಿತು. ಅಭ್ಯಾಸವಾದರೆ ಸರಿಹೋಗುತ್ತದೆ.

ಗುರುದತ್ ಕೂಡ ಪಿಸ್ತೂಲೇ ಅಂತೆ. ಅವನ ಅಂಗೈ ಅಗಲ. ಅವನಿಗೆ ಅದು ನಿಜವಾಗಿಯೂ ಒಗ್ಗಿದೆ.

ಸೆಪ್ಟೆಂಬರ್ 24

ರೇಂಜಿನಲ್ಲಿ ಎರಡನ್ನೂ ಹೊಡೆದು ನೋಡಿದೆ. ರಿವಾಲ್ವರ್ — ಐದಕ್ಕೆ ಐದೂ ಒಂದು ಚಪಾತಿಯ ಅಗಲದೊಳಗೆ. ಟ್ರಿಗರ್ ಗಟ್ಟಿ, ಉದ್ದ, ಆದರೂ ಬೆರಳು ನಡುಗಲಿಲ್ಲ. ಪಿಸ್ತೂಲು — ಎಂಟರಲ್ಲಿ ಆರು ಸರಿ, ಎರಡು ಕಾಡಿಗೆ. ಪಿಸ್ತೂಲು ಸಣ್ಣದಾದಷ್ಟೂ ಸ್ಲೈಡಿನ ಸ್ಪ್ರಿಂಗು ಬಿಗಿ, ಹೆಬ್ಬೆರಳ ಬುಡ ಇನ್ನೂ ನೋಯುತ್ತಿದೆ.

ಇದನ್ನು ಯಾರಿಗೂ ಹೇಳುವುದಿಲ್ಲ. ಇನ್ನೂ ಒಂಬತ್ತು ದಿನ ಇದೆ, ಪಾಸಾಗುತ್ತೇನೆ. ಫಾರಂನಲ್ಲಿ 'ಪಿಸ್ತೂಲು' ಅಂತ ಟಿಕ್ ಹಾಕಿ ಕೊಟ್ಟೂ ಬಂದೆ.

ಅಕ್ಟೋಬರ್ 1, ಬುಧವಾರ. ಆಯುಧ ಪೂಜೆ

ಇವತ್ತು ಮನಸ್ಸು ತುಂಬಿದೆ.

ಎಂಟು ವರ್ಷದಲ್ಲಿ ಮೊದಲ ಸಲ ಡೆನಿಸ್‌ನ ಹತ್ತಿರ ಕೇಳಿದೆ. ಇವತ್ತು ನಮ್ಮ ಕಡೆ ಆಯುಧಗಳಿಗೆ ಪೂಜೆ, ಐದು ನಿಮಿಷ ಕೊಡುತ್ತೀಯಾ ಅಂತ. ಮೀಸೆ ತಿರುವಿಕೊಂಡು ಯೋಚಿಸಿದ. "ಹೊಸ ಹಡಗಿಗೆ ಪಾದ್ರಿ ಬಂದು ನೀರು ಚಿಮುಕಿಸೋದು ನೋಡಿದೀನಿ. ಅದೇ ತರಹ ತಾನೆ?" ಅದೇ ತರಹ ಅಂದೆ. "ದೀಪ ಬೇಡ, ಎಣ್ಣೆ ಬೇಡ, ಪುಡಿ ಬೇಡ" ಅಂದ. ಒಪ್ಪಿದೆ. ಕುಂಕುಮ ಪುಡಿ ಅಲ್ಲವೇ, ಅದನ್ನೂ ಬಿಟ್ಟೆ. ಅಷ್ಟು ತಿಳಿವಳಿಕೆ ನನಗಿದೆ.

ಬೆಳಗಿನ ಗನ್ನುಗಳು ಬೆಂಚಿನ ಮೇಲೆ ಸಾಲಾಗಿದ್ದವು. ಖಾಲಿ ಅಂತ ಕಾಣಬೇಕು, ಅದಕ್ಕೆ ಪಿಸ್ತೂಲುಗಳ ಸ್ಲೈಡ್ ಹಿಂದಕ್ಕೆ ಎಳೆದು ತೆರೆದಿಡುವುದು ಇಲ್ಲಿಯ ನಿಯಮ. ಹಿಡಿಯ ಮೇಲೆ ಒಂದೊಂದು ಗಂಧದ ಬೊಟ್ಟು, ಹಿತ್ತಲಿನ ಗುಲಾಬಿ, ಮೇಲೆ ನಾಲ್ಕು ಕಾಳು ಅಕ್ಷತೆ. ಲಾರಿ ಚಕ್ರದ ಕೆಳಗೆ ನಿಂಬೆಹಣ್ಣು. ನಮ್ಮ ಲಾರಿ ಓಡಿಸುವ ಸ್ಟೀವ್ ಅದರ ಮೇಲೆ ಲಾರಿ ಹತ್ತಿಸಿ ಚಪ್ಪಾಳೆ ತಟ್ಟಿದ. ಡೆನಿಸ್ ಆಮೇಲೆ ಎಲ್ಲ ಒರೆಸಿ ಇಟ್ಟ.

ಗುರುದತ್ ಇರಲಿಲ್ಲ. ಮಗುವಿಗೆ ಇವತ್ತು ಸೂಜಿ, ರಜೆ ಹಾಕಿದ್ದ. ಅಪ್ಪ ಇದ್ದಿದ್ದರೆ ಫೋನು ಮಾಡಿ ಹೇಳುತ್ತಿದ್ದೆ.

ಅಕ್ಟೋಬರ್ 3, ಶುಕ್ರವಾರ. ಸಂಜೆ

ನಾನು ಪಾಸು. ಐವತ್ತಕ್ಕೆ ನಲವತ್ತೊಂದು. ನಲವತ್ತು ಇದ್ದರೆ ಪಾಸು.

ಗುರುದತ್ ಫೇಲು.

ಹೇಗಾಯಿತು ಅಂದರೆ — ನಾನು ಎರಡನೇ ನಂಬರಿನ ಪಿಸ್ತೂಲಿನಲ್ಲಿ ಮುಗಿಸಿ ಬಂದೆ. ಅವನಿಗೆ ನಾಲ್ಕನೇ ನಂಬರಿನದು. ನಾಲ್ಕು ಗುಂಡು ಚೆನ್ನಾಗಿ ಹೋದವು. ಐದನೆಯದಕ್ಕೆ ಸ್ಲೈಡ್ ಪೂರ್ತಿ ಮುಚ್ಚಲೇ ಇಲ್ಲ. ಕಲಿಸಿದ ಹಾಗೆ ತಟ್ಟಿದ, ಎಳೆದ, ಬಿಟ್ಟ. ಮತ್ತೆ ಅಲ್ಲೇ ನಿಂತಿತು. ಟೈಮ್ ಮುಗಿಯಿತು.

ಹೆಲೆನ್ ಪಿಸ್ತೂಲು ಬಿಚ್ಚಿ ಬಿಳಿ ಬಟ್ಟೆಯ ಮೇಲೆ ತಟ್ಟಿದಳು. ಒಂದು ಹಳದಿ ಅಕ್ಕಿ ಕಾಳು ಬಿತ್ತು.

ಹೊರಗಿನ ಬೆಂಚಿನ ಮೇಲೆ ಗುರುದತ್‌ನ ಊಟದ ಡಬ್ಬಿ. ಮುಚ್ಚಳ ಗಾಜಿನದು, ಒಳಗೆ ಚಿತ್ರಾನ್ನ. ಹೆಲೆನ್ ಅದನ್ನು ನೋಡಿದಳು, ಕಾಳನ್ನು ನೋಡಿದಳು. "ಆಯುಧದ ಹತ್ತಿರ ಊಟ. ಇದು ಅಜಾಗ್ರತೆ" ಅಂತ ಬರೆದುಕೊಂಡಳು. ಕಾಳನ್ನು ಪುಟ್ಟ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದಳು. ಗುರುದತ್, "ಮೇಡಂ, ನಾನು ಡಬ್ಬೀನೇ ತೆಗ್ದಿಲ್ಲ" ಅಂತ ಕನ್ನಡದಲ್ಲೇ ಶುರು ಮಾಡಿ ಆಮೇಲೆ ಇಂಗ್ಲಿಷಿಗೆ ಬಂದ.

ಡೆನಿಸ್ ನನ್ನ ಕಡೆ ಒಂದು ಸಲ ನೋಡಿದ. ಆಮೇಲೆ ಸೀಲಿಂಗ್ ನೋಡಿದ.

ನಾನು ಬಾಯಿ ಬಿಡಲಿಲ್ಲ. ಕೈ ತೊಳೆದುಕೊಂಡು ಮನೆಗೆ ಬಂದೆ.

ಅಕ್ಟೋಬರ್ 9, ಗುರುವಾರ

ಆರು ದಿನ ಈ ಪುಸ್ತಕ ತೆರೆಯಲಿಲ್ಲ.

ಬರುವ ಸೋಮವಾರದಿಂದ ಪ್ಲೇನ್ ಕ್ರೂ, ಗುರುದತ್ ಬದಲು ಸ್ಟೀವ್ ಜೊತೆ. ಮೋರ್ಲಿಯ ಅಂಗಡಿಗೆ ಹೋಗಿ ಎರಡು ಸಡಿಲ ಲಿನನ್ ಶರ್ಟು ತಂದೆ, ಪಿಸ್ತೂಲಿಗೆ ತಕ್ಕ ಹಾಗೆ. ಕನ್ನಡಿಯ ಮುಂದೆ ಹಾಕಿ ನೋಡಿದೆ. ಚೆನ್ನಾಗಿಯೇ ಇದ್ದವು, ಬಿಲ್ಲನ್ನು ಮಾತ್ರ ಎಸೆಯಲಿಲ್ಲ.

ಬ್ರಿಸ್ಬೇನ್‌ಗೆ, ತಂಗಿ ಮಧುರಾಗೆ ಫೋನು ಮಾಡಿದೆ. ಅವಳ ಆಫೀಸು ಫೋರ್ಟಿಟ್ಯೂಡ್ ವ್ಯಾಲಿಯಲ್ಲಿ, ಊಟದ ಹೊತ್ತಿಗೆ ಸಿಗುತ್ತಾಳೆ. ಎಲ್ಲ ಹೇಳಿದೆ. "ನಾಲ್ಕು ತಿಂಗಳಾದ್ಮೇಲೆ ಅವ್ನು ಮತ್ತೆ ಟೆಸ್ಟ್ ಕೊಡಬಹುದಲ್ವಾ? ನೀನು ಹೇಳಿದ್ರೆ ನಿಂದೂ ಹೋಗುತ್ತೆ, ಆ ಡೆನಿಸ್‌ದೂ ಹೋಗುತ್ತೆ. ಸುಮ್ನಿರಕ್ಕ" ಅಂದಳು. ನನ್ನ ಮನಸ್ಸಿನಲ್ಲಿ ಇದ್ದದ್ದೂ ಅದೇ. ಅವಳ ಬಾಯಲ್ಲಿ ಕೇಳಿದಾಗ ಅಸಹ್ಯ ಆಯಿತು.

ಸಂಜೆ ಗುರುದತ್ ಫೋನು. ಹೆಸರು ನೋಡಿ ಫೋನನ್ನು ಮಗುಚಿಟ್ಟೆ, ಆಮೇಲೆ ಎತ್ತಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಯಾಗಿದ್ದೇನೆ.

"ಅಕ್ಕ, ಕಂಗ್ರಾಟ್ಸ್ ಹೇಳೋಕೆ ಮರ್ತಿದ್ದೆ" ಅಂದ. ಆಮೇಲೆ, "ಯೋಚ್ನೆ ಮಾಡ್ದೆ ಅಕ್ಕ. ನಂದೇ ತಪ್ಪಿರ್ಬೇಕು. ಬೆಳಿಗ್ಗೆ ಡಬ್ಬಿ ತುಂಬ್ದಾಗ ತೋಳಿಗೆ ಏನಾದ್ರೂ ಅಂಟ್ಕೊಂಡಿತ್ತೇನೋ. ಗಾನವಿ ಚಿತ್ರಾನ್ನ ಮಾಡೋದೇ ನಿಲ್ಲಿಸ್ಬಿಟ್ಟಿದಾಳೆ. ನನ್ನಿಂದಾನೇ ಆಯ್ತು ಅಂತ ಅಳ್ತಾಳೆ."

ಗಾನವಿ ಅಂದರೆ ಅವನ ಹೆಂಡತಿ. ಎರಡು ತಿಂಗಳ ಬಾಣಂತಿ.

ಬೆಂದ ಅನ್ನಕ್ಕೂ ಅಕ್ಷತೆಗೂ ವ್ಯತ್ಯಾಸ ಹೆಲೆನ್‌ಗೆ ಗೊತ್ತಿಲ್ಲ. ಗುರುದತ್‌ಗೆ ಕಾಳನ್ನು ಮುಟ್ಟಲು ಬಿಡಲಿಲ್ಲ. ನನಗೆ ಗೊತ್ತು. ತೆರೆದ ಸ್ಲೈಡಿನ ಮೇಲೆ ಅಕ್ಷತೆ ಹಾಕಿದ ಕೈ ನನ್ನದು. ಅಪ್ಪನ ರೈಫಲ್ಲುಗಳಿಗೆ ಹಾಕಿದ ಹಾಗೇ ಹಾಕಿದೆ. ಅವುಗಳ ಬೋಲ್ಟ್ ಮುಚ್ಚಿರುತ್ತಿತ್ತು, ಕಾಳು ಒಳಗೆ ಹೋಗುತ್ತಿರಲಿಲ್ಲ.

ನಾಳೆ ಹೇಳುತ್ತೇನೆ.

ಅಕ್ಟೋಬರ್ 10, ಶುಕ್ರವಾರ

ಮೊದಲು ಡೆನಿಸ್‌ಗೆ ಹೇಳಿದೆ. "ನಿನ್ನ ಹೆಸರು ಎತ್ತೋದಿಲ್ಲ" ಅಂದೆ. "ಎತ್ತಬೇಕು. ನನ್ನ ಬೆಂಚು, ನನ್ನ ಬೀಗದ ಕೈ" ಅಂದ. ಇಬ್ಬರೂ ಲ್ಯಾಪ್‌ಟಾಪಿನ ಮುಂದೆ ಕುಳಿತೆವು. ತೆರೆಯ ಮೇಲೆ ಅಡಿಲೇಡ್‌ನಿಂದ ಹೆಲೆನ್, ನಮ್ಮ ಪಕ್ಕದಲ್ಲಿ ಮ್ಯಾನೇಜರ್.

ಎಲ್ಲ ಹೇಳಿದೆ. ಆಯುಧ ಪೂಜೆ, ಅಕ್ಷತೆ, ತೆರೆದ ಸ್ಲೈಡ್. ಅವತ್ತೇ ಗೊತ್ತಿತ್ತು ಅನ್ನುವುದನ್ನೂ ಹೇಳಿದೆ.

"ಇದು ಊಟದ್ದಲ್ಲ ಅಂತ ಹೇಗೆ ಹೇಳ್ತೀರಿ?" ಅಂದಳು.

"ಚೀಲದಲ್ಲಿ ಇಟ್ಟಿದೀರಲ್ಲ, ಉಗುರಲ್ಲಿ ಅದುಮಿ ನೋಡಿ. ಬೆಂದಿದ್ದು ಒಣಗಿದ್ರೂ ಮುರಿಯುತ್ತೆ. ಇದು ಹಸಿ ಅಕ್ಕಿ, ಕಲ್ಲಿನ ತರಹ ಇರುತ್ತೆ."

ಎದ್ದು ಹೋಗಿ ಫೈಲು ತಂದಳು. ಅದುಮಿದಳು. ಕಾಳು ಮುರಿಯಲಿಲ್ಲ.

ಗುರುದತ್‌ನ ಫೇಲು ರದ್ದು. ಡೆನಿಸ್‌ಗೆ ಲಿಖಿತ ಎಚ್ಚರಿಕೆ. ನನ್ನ ಪಾಸು ರದ್ದು, ಮೂರು ವಾರ ಗನ್ನು ಮುಟ್ಟುವ ಹಾಗಿಲ್ಲ, ರೇಡಿಯೋ ರೂಮಿನಲ್ಲಿ ಕೆಲಸ. ನವೆಂಬರ್ 7ಕ್ಕೆ ಮತ್ತೆ ಟೆಸ್ಟು. ಅಲ್ಲಿವರೆಗೆ ಜಾಗ ನನಗಾಗಿ ಕಾಯುವುದಿಲ್ಲ.

ಕೊನೆಯಲ್ಲಿ ಹೆಲೆನ್ ಕೇಳಿದಳು. "ನಿಮ್ಮ ಪ್ರಾಕ್ಟೀಸ್ ಶೀಟ್ ನೋಡ್ತಿದೀನಿ. ರಿವಾಲ್ವರ್‌ನಲ್ಲಿ ಇಷ್ಟು ಚೆನ್ನಾಗಿದೆ. ಪಿಸ್ತೂಲು ಯಾಕೆ ಆರಿಸಿದ್ರಿ?"

ಒಂದು ನಿಜ ಹೇಳಿದ ಮೇಲೆ ಇನ್ನೊಂದು ಕಷ್ಟವಲ್ಲ. "ಹೆಂಗಸರಿಗೆ ರಿವಾಲ್ವರ್ ಅಂತ ಎಲ್ಲ ಗಂಡಸರೂ ಹೇಳಿದ್ರು. ಅದಕ್ಕೇ" ಅಂದೆ. ಹೆಲೆನ್ ನಕ್ಕಳು. ಡೆನಿಸ್ ಮೀಸೆ ಹಿಡಿದುಕೊಂಡು ಕೆಳಗೆ ನೋಡಿದ.

ಅಕ್ಟೋಬರ್ 11

ಗುರುದತ್ ಮನೆಗೆ ಹೋಗಿ ಬಂದೆ. ಬಾಗಿಲಲ್ಲೇ ನಿಂತು ಹೇಳಿದೆ, ಒಳಗೆ ಹೋಗುವ ಮುಖ ಇರಲಿಲ್ಲ. ಗಾನವಿ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಕೇಳಿಸಿಕೊಂಡಳು.

"ಅಕ್ಕಿ ಬಿದ್ದಿದ್ದಕ್ಕೆ ಬೇಜಾರಿಲ್ಲ ಅಕ್ಕ" ಅಂದ ಗುರುದತ್. "ಒಂದು ವಾರ ಹೇಳ್ಲಿಲ್ವಲ್ಲ."

ಹೌದು ಅಂತ ತಲೆಯಾಡಿಸಿ, ಕಾರು ಹತ್ತಿ ಮನೆಗೆ ಬಂದೆ.

ಅಕ್ಟೋಬರ್ 17

ಸೋಮವಾರ ಗುರುದತ್ ಪಾಸು, ನಲವತ್ತೇಳು. ಪಿಸ್ತೂಲಿನಲ್ಲೇ. ಸ್ಟೀವ್ ಜೊತೆ ಪ್ಲೇನ್ ಕ್ರೂ ಶುರು. ರೇಡಿಯೋದಲ್ಲಿ ಅವನ ದನಿ ದಿನಾ ಕೇಳುತ್ತದೆ. ಮೋರ್ಲಿ ತಲುಪಿದೆವು, ಪೆಟ್ರೋಲ್ ಬಂಕಿನ ಎಟಿಎಂ ಮುಗಿಯಿತು, ಹೊರಟೆವು. ಅಷ್ಟೇ. 'ಅಕ್ಕ' ಅನ್ನುವುದಿಲ್ಲ, 'ಬೇಸ್' ಅನ್ನುತ್ತಾನೆ.

ನವೆಂಬರ್ 5

ಮೂರು ವಾರ ಮುಗಿಯಿತು, ರೇಂಜಿಗೆ ಬಿಟ್ಟರು. ಡೆನಿಸ್ ಎರಡನ್ನೂ ಬೆಂಚಿನ ಮೇಲೆ ಇಟ್ಟು ಸುಮ್ಮನೆ ನಿಂತ. ಈ ಸಲ ಸಲಹೆ ಇಲ್ಲ. ರಿವಾಲ್ವರ್ ಎತ್ತಿಕೊಂಡೆ. ಗಂಡಸರ ಮಾತು ಸರಿಯಾಯಿತಲ್ಲ ಅನ್ನುವ ಹೊಟ್ಟೆ ಉರಿ ಇನ್ನೂ ಇದೆ. ಇರಲಿ. ಕೈ ನನ್ನದು, ಅವರದಲ್ಲ. ಐದಕ್ಕೆ ಐದು, ಮತ್ತೆ ಐದಕ್ಕೆ ಐದು. ಉಬ್ಬು ಮುಚ್ಚಲು ದಪ್ಪ ಜಾಕೆಟ್ ಸಾಕು. ಲಿನನ್ ಶರ್ಟು ವಾಪಸ್ ಕೊಟ್ಟೆ.

ನವೆಂಬರ್ 7, ಶುಕ್ರವಾರ. ಬೆಳಿಗ್ಗೆ 9.40

ಡಿಪೋದ ಕಾರ್ ಪಾರ್ಕ್. ಹತ್ತು ಗಂಟೆಗೆ ನನ್ನ ಟೆಸ್ಟು. ಬೇಗ ಬಂದೆ, ಬಾನೆಟ್ ಮೇಲೆ ಪುಸ್ತಕ ಇಟ್ಟು ಬರೆಯುತ್ತಿದ್ದೇನೆ. ಪಾಸಾದರೂ ಜಾಗ ಸ್ಟೀವ್‌ದೇ. ಆದರೂ ಪಾಸಾಗಬೇಕು.

ಗುರುದತ್ ಬಂದ. ಜೀನ್ಸು, ಟೀ ಶರ್ಟು, ಮೇಲೊಂದು ಓವರ್‌ಶರ್ಟು. ಗನ್ನು ಎಲ್ಲಿದೆ ಅಂತ ನನಗೂ ಕಾಣಲಿಲ್ಲ. ಎದುರು ಬಂದು ನಿಂತ.

"ಸ್ಟೀವ್ ಒಳ್ಳೆಯವ್ನು ಅಕ್ಕ" ಅಂದ. "ಆದ್ರೆ ಮೊನ್ನೆ ಒಂದು ಸಣ್ಣ ತಪ್ಪು ಮಾಡ್ದ. ಕಾರು ಲಾಕ್ ಮಾಡಿರ್ಲಿಲ್ಲ. ಕೇಳಿದ್ರೆ ಮಾಡಿದ್ದೆ ಅಂದ. ಎಟಿಎಂ ತುಂಬೋವಾಗ ನಾನು ಗೋಡೆ ಕಡೆ ಮುಖ ಹಾಕಿ ಬಗ್ಗಬೇಕು, ಹಿಂದೆ ರಸ್ತೆ ನೋಡೋದು ಜೊತೆಗಿರೋರು. ಹಿಂದೆ ಏನಾಗ್ತಿದೆ ಅಂತ ನಂಗೆ ಕಾಣಲ್ಲ. ಅಲ್ಲಿರೋರು ತಪ್ಪು ಮಾಡಿದ್ರೆ ಮಾಡ್ದೆ ಅಂತ ಹೇಳೋರು ಆಗಿರ್ಬೇಕು. ಒಂದು ವಾರ ಲೇಟಾದ್ರೂ ಪರವಾಗಿಲ್ಲ."

ನಾನು ಪೆನ್ನಿಗೆ ಮುಚ್ಚಳ ಹಾಕಿದೆ.

"ಮ್ಯಾನೇಜರ್‌ಗೆ ಹೇಳಿದೀನಿ. ಸ್ಟೀವ್‌ಗೂ ಲಾರೀನೇ ಇಷ್ಟವಂತೆ. ನೀವು ಪಾಸಾದ್ರೆ ಸೋಮವಾರದಿಂದ ನಾವಿಬ್ರು. ಆಗ್ಲಿಲ್ಲ ಅಂದ್ರೆ ನಾನೂ ಲಾರಿಗೆ ವಾಪಸ್."

ಅತ್ತುಬಿಟ್ಟೆ. ನಲವತ್ನಾಲ್ಕು ವರ್ಷದವಳು, ಲಾರಿಗಳ ಮಧ್ಯೆ ನಿಂತು. ಸಂತೋಷವೋ ನಾಚಿಕೆಯೋ, ಎರಡೂ ಇತ್ತು. ಅವನು ಬೇರೆ ಕಡೆ ನೋಡುತ್ತಾ ನಿಂತ. ಮಗು ಈಗ ನಗುತ್ತದಂತೆ.

ಪಾಸಾಗುತ್ತೇನೆ. ಐದು ಗುಂಡು ಸಾಕು ನನಗೆ. ಹೆಲೆನ್ ಬಾಗಿಲಿಗೆ ಬಂದಳು, ನನ್ನ ಹೆಸರನ್ನು ಎರಡು ತುಂಡು ಮಾಡಿ ಕರೆಯುತ್ತಿದ್ದಾಳೆ. ಬ್ಯಾಗು ಒಳಗೆ ತರುವ ಹಾಗಿಲ್ಲವಂತೆ. "ಕೊಡಿ ಅಕ್ಕ, ನಾನಿಟ್ಕೊಂಡಿರ್ತೀನಿ" ಅಂತ ಗುರುದತ್ ಕೈ ಚಾಚಿದ್ದಾನೆ. ಈ ಪುಸ್ತಕವನ್ನೂ ಅವನ ಕೈಗೇ ಕೊಡಬೇಕು, ಓದಿದರೆ ಓದಲಿ, ಇನ್ನು ಅವನಿಗೆ ಗೊತ್ತಿಲ್ಲದ್ದು ಇದರಲ್ಲಿ—