ಕೆಂಪು ಕೋಳಿಯ ಸೀಮೆ

ನ್ಯೂಕ್ಯಾಸಲ್
14 ಮಾರ್ಚ್ 2025

ಮಗಳೇ ಸುಪ್ರಿಯಾ,

ನಿನ್ನ ಅತ್ತೆಯ ಆಶೀರ್ವಾದ. ಕೈಯಲ್ಲಿ ಫೋನು ಇರುವಾಗ ಈ ಮುದುಕಿ ಕಾಗದ ಯಾಕೆ ಬರೆಯುತ್ತಾಳೆ ಅಂದುಕೊಳ್ಳಬೇಡ. ಫೋನಿನಲ್ಲಿ ನೀನು ಅಳುತ್ತೀಯ, ನಾನೂ ಅಳುತ್ತೇನೆ, ಹೇಳಬೇಕಾದದ್ದು ಹಾಗೇ ಉಳಿಯುತ್ತದೆ.

ಭಾನುವಾರ ನೀನು ಫೋನಿನಲ್ಲಿ ನನ್ನ ಮಗ ರಮೇಶನಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಕವನಾ ನಿನ್ನ ಹತ್ತಿರ ಮಾತು ಬಿಟ್ಟಿದ್ದಾಳೆ, ಮಗಳಿಗೇ ಬೇಡವಾದ ಮೇಲೆ ಡಾಕ್ಟರಿಕೆ ಕಟ್ಟಿಕೊಂಡು ಏನು ಮಾಡಲಿ, ರೋಡ್ ಐಲ್ಯಾಂಡಿನ ಆಸ್ಪತ್ರೆಯ ತರಬೇತಿ ಬಿಟ್ಟು ಬರುತ್ತೇನೆ ಅಂದೆಯಂತೆ. ಸ್ವಲ್ಪ ತಡಿ. ಇಲ್ಲಿ ನಡೆದದ್ದು ಕೇಳು.

ಇವಳ ಸ್ಕೂಲಿನಲ್ಲಿ ಐದನೇ ಕ್ಲಾಸಿನ ಒಬ್ಬೊಬ್ಬರೂ ಈ ದೇಶದ ಒಂದೊಂದು ರಾಜ್ಯದ ವಿಷಯ ಹೇಳಿ, ಅಲ್ಲಿಯ ತಿಂಡಿ ಹಂಚಬೇಕು. ಮಕ್ಕಳೆಲ್ಲ ಹವಾಯಿಗೆ, ಕ್ಯಾಲಿಫೋರ್ನಿಯಾಕ್ಕೆ ಕಿತ್ತಾಡುತ್ತಿದ್ದರೆ ನಿನ್ನ ಮಗಳು ರೋಡ್ ಐಲ್ಯಾಂಡನ್ನು ಕೇಳಿ ತೆಗೆದುಕೊಂಡಳು. ಯಾಕೆ ಅಂದರೆ, ಇಟ್ಸ್ ಸ್ಮಾಲ್, ಲೆಸ್ ವರ್ಕ್ ಅಂದಳು. ಕಳ್ಳಿ. ಆಮೇಲೆ ಊಟಕ್ಕೆ ಕೂತರೂ ಅದೇ ಮಾತು. ಭೂಪಟದಲ್ಲಿ ಹೆಸರು ಬರೆಯಲೂ ಜಾಗವಿಲ್ಲದೆ ಸಮುದ್ರದಲ್ಲಿ ಬರೆದಿದ್ದಾರಂತೆ. ಅಷ್ಟು ಚಿಕ್ಕದಾದರೂ ಮೊನ್ನೆಮೊನ್ನೆಯವರೆಗೆ ಎಲ್ಲ ರಾಜ್ಯಗಳಿಗಿಂತ ಉದ್ದದ ಹೆಸರು ಅದರದೇ ಅಂತೆ.

ತಿಂಡಿಯ ಪಾಲು ನನ್ನದು. ಮುಸುಕಿನ ಜೋಳದ ಹಿಟ್ಟಿನ ಜಾನಿಕೇಕ್ ನಮ್ಮ ದೋಸೆ ಹೆಂಚಿನ ಮೇಲೆ ಚೆನ್ನಾಗಿಯೇ ಎದ್ದಿತು. ಆಮೇಲೆ ಕಾಫಿ ಮಿಲ್ಕ್. ಫಿಲ್ಟರ್ ಡಿಕಾಕ್ಷನ್ನಿಗೆ ಸಕ್ಕರೆ ಸುರಿದು ಪಾಕ ಮಾಡಿ, ತಣ್ಣನೆ ಹಾಲಿಗೆ ಬೆರೆಸಿದೆ. ಕಾಫಿಯನ್ನು ತಣ್ಣಗೆ ಕುಡಿಯುವ ಜನರ ನಡುವೆ ಹೇಗಿದ್ದೀಯೋ ತಾಯಿ. ಅಲ್ಲಿಯವರು ತಿನ್ನುವ ಕಪ್ಪೆಚಿಪ್ಪಿನ ಮಾಂಸ ಮಾತ್ರ ನನ್ನ ಕೈಲಾಗಲ್ಲ ಅಂದುಬಿಟ್ಟೆ.

ಕೊನೆಗೆ ಆ ರಾಜ್ಯದ ಹಕ್ಕಿ ಅಂತ ಒಂದು ಚಿತ್ರ ಬರೆದಳು. ನೋಡಿದರೆ ನಮ್ಮ ಕೆಂಪು ಕೋಳಿ ಕಣೇ! ನಾನು ಮದುವೆಯಾಗಿ ಬಂದ ಹೊಸದರಲ್ಲಿ ನಿಮ್ಮ ಮಾವ ಸರ್ಕಾರದ ಕೋಳಿ ಫಾರಮ್ಮಿನಿಂದ ಇದೇ ಜಾತಿಯ ಹುಂಜ, ಹೇಂಟೆ ಎರಡೂ ತಂದಿದ್ದರು. ಮೊಟ್ಟೆ ಇಡುವುದರಲ್ಲಿ ಅದು ಎತ್ತಿದ ಕೈ, ಕಾವಿಗೆ ಮಾತ್ರ ಕೂರುತ್ತಿರಲಿಲ್ಲ. ಅದರ ಮೊಟ್ಟೆಗಳನ್ನು ನಾಟಿಕೋಳಿಯ ಕೆಳಗೆ ಇಡುತ್ತಿದ್ದೆ. ಮರಿಗಳು ಮಾತ್ರ ಹೆತ್ತವಳ ಹಾಗೇ ಕೆಂಪಗೆ ಬೆಳೆದವು.

ಕವನಾಗೂ ಇದನ್ನೇ ಹೇಳಿದೆ. ಹಾಗಾದರೆ ಆ ಕೆಂಪು ಕೋಳಿ ಮರಿಗಳನ್ನು ಬಿಟ್ಟು ಹೋಯಿತಾ ಅಂದಳು. ಇಲ್ಲ ಕಂದ, ಅದರ ಕೆಲಸ ಅದು ಮಾಡ್ತಿತ್ತು, ಕೂರೋಕೆ ಇನ್ನೊಬ್ಬಳಿದ್ದಳಲ್ಲ ಅಂದೆ. ಲೈಕ್ ಯು, ಅಜ್ಜಿ? ಅಂದಳು. ಹೂಂ ಅಂತ ತಲೆಯಾಡಿಸಿದೆ.

ಇವತ್ತು ಸ್ಕೂಲಿನಲ್ಲಿ ಎಲ್ಲರೆದುರು ಕೋಳಿಯ ಕಥೆಯನ್ನೇ ಹೇಳಿದಳು. ಮುಗಿಸುವಾಗ, ಮೈ ಮಾಮ್ ಈಸ್ ಎ ಡಾಕ್ಟರ್ ದೇರ್ ಅಂದಳು. ಅಲ್ಲೇ ಕೂತಿದ್ದ ರಮೇಶ ಕಣ್ಣೊರೆಸಿಕೊಂಡ. ಸಂಜೆ ನನ್ನ ಹತ್ತಿರ ಬಂದು, ಅಮ್ಮ ಜಾನಿಕೇಕ್ ತಿಂದಿದ್ದಾಳಾ ಅಂತ ಕೇಳಿದಳು. ನನಗೇನು ಗೊತ್ತು, ನೀನೇ ಕೇಳು ಅಂದೆ. ಕೇಳುತ್ತಾಳಂತೆ. ಆದರೆ ಮೊದಲು ಅವಳು ಬರೆದ ಚಿತ್ರ ನಿನ್ನ ಕೈ ಸೇರಬೇಕಂತೆ. ಈ ಕವರಿನಲ್ಲೇ ಇಟ್ಟಿದ್ದೇನೆ. ನೀನು ರಾಜೀನಾಮೆ ಗೀಜೀನಾಮೆ ಅನ್ನದೆ ಹೊತ್ತಿಗೆ ಸರಿಯಾಗಿ ಉಣ್ಣು. ನನಗೆ ನಿನ್ನ ಮೇಲೆ ಬಹಳ ಹೆಮ್ಮೆ, ಎದುರಿಗೆ ಹೇಳಲು ಬರುವುದಿಲ್ಲ ಅಷ್ಟೆ.

ನಿನ್ನ
ಜವರಮ್ಮತ್ತೆ

ಮರೆತಿದ್ದೆ: ಮುಂದಿನ ತಿಂಗಳು ನಾನು ಊರಿಗೆ ಹೊರಟರೆ ಮಗುವಿನ ಗತಿಯೇನು ಅನ್ನುವ ದಿಗಿಲೂ ನಿನಗಿತ್ತು, ನೀನು ಬಾಯಿ ಬಿಡಲಿಲ್ಲ. ಟಿಕೆಟ್ ಕ್ಯಾನ್ಸಲ್ ಮಾಡಿಸಿ, ಇನ್ನಷ್ಟು ದಿನ ಇರಲು ವೀಸಾಕ್ಕೆ ಅರ್ಜಿ ಹಾಕಿಸಿದ್ದೇನೆ. ಕಾವಿಗೆ ಕೂತಿರುವವಳನ್ನು ಎಬ್ಬಿಸಬೇಡ ಅಂತ ರಮೇಶನಿಗೆ ಹೇಳಿಯಾಗಿದೆ.